ಟೀಚರ್ ಕೆಲಸಕ್ಕೆ ದುಬೈಗೆ ಹೊರಟಿದ್ದೀರಾ? ವಿಮಾನ ಹತ್ತುವ ಮುನ್ನ ಇವಿಷ್ಟು ಮುಗಿಸಿಕೊಳ್ಳಿ

ವಿದೇಶದ ಶಾಲೆಯಿಂದ ಆಫರ್ ಬಂದ ದಿನ ಮನೆಯಲ್ಲಿ ಮೊದಲು ನಡೆಯುವುದು ಗುಣಾಕಾರ. ಇಷ್ಟು ಸಾವಿರ ದಿರ್ಹಂ ಅಂದರೆ ನಮ್ಮ ರೂಪಾಯಿಯಲ್ಲಿ ಎಷ್ಟು ಎಂದು ಅಪ್ಪ ಮೊಬೈಲಿನಲ್ಲಿ ಲೆಕ್ಕ ಹಾಕುತ್ತಾರೆ. ಊರಿನ ಖಾಸಗಿ ಶಾಲೆ ಕೊಡುವ ಸಂಬಳದ ಪಕ್ಕದಲ್ಲಿ ಆ ಅಂಕಿ ದೊಡ್ಡದಾಗಿಯೇ ಕಾಣುತ್ತದೆ. ಸಂಜೆಯೊಳಗೆ ನೆಂಟರಿಗೆಲ್ಲ ಸುದ್ದಿ ಹೋಗಿರುತ್ತದೆ. ಮರುದಿನ ಕೆಲವರು ಈಗಿರುವ ಕೆಲಸಕ್ಕೆ ರಾಜೀನಾಮೆಯನ್ನೂ ಬರೆದುಬಿಡುತ್ತಾರೆ.

ತಪ್ಪುವುದು ಅಲ್ಲೇ. ಗಲ್ಫ್‌ನಲ್ಲಿ ಶಿಕ್ಷಕರ ಮೊದಲ ವರ್ಷ ಸುಖವಾಗಿ ಸಾಗುತ್ತದೆಯೋ, ಕಣ್ಣೀರಿನಲ್ಲಿ ಮುಗಿಯುತ್ತದೆಯೋ ಎಂಬುದು ಬಹುಮಟ್ಟಿಗೆ ಊರು ಬಿಡುವ ಮುನ್ನವೇ ತೀರ್ಮಾನವಾಗಿರುತ್ತದೆ. ಅದನ್ನು ತೀರ್ಮಾನಿಸುವುದು ಮೂರು ಕಾಗದಗಳು: ಪದವಿ ಪ್ರಮಾಣಪತ್ರ, ಆಫರ್ ಲೆಟರ್ ಮತ್ತು ವೀಸಾ. ಇಲ್ಲಿದ್ದಾಗ ಒಂದು ವಾರದಲ್ಲಿ ಸರಿಹೋಗುವ ದೋಷವನ್ನು ಅಲ್ಲಿಗೆ ಹೋದ ಮೇಲೆ ಸರಿಪಡಿಸಲು ತಿಂಗಳುಗಳೇ ಬೇಕು.

ಆದ್ದರಿಂದ ಒಂದು ಸೂತ್ರವನ್ನು ಮೊದಲೇ ನೆನಪಿಟ್ಟುಕೊಳ್ಳಿ. ಕೆಲಸದ ಎಂಟ್ರಿ ಪರ್ಮಿಟ್ ಕೈಗೆ ಬರುವವರೆಗೆ ರಾಜೀನಾಮೆ ಬೇಡ, ಟಿಕೆಟ್ ಬೇಡ, ಯಾರಿಗೂ ಹಣ ಬೇಡ. ಇದರ ಹಿಂದಿರುವ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಯುಎಇ ಕಡೆಗೇ ಯಾಕೆ ಹೋಗುತ್ತಾರೆ?

ಭಾರತದ ಬಿಎಡ್ ಪದವೀಧರರಿಗೆ ಬೇರೆ ದೇಶಗಳ ಬಾಗಿಲೂ ತೆರೆದಿದೆ. ಇಂಗ್ಲೆಂಡ್ 2023ರ ಫೆಬ್ರವರಿಯಿಂದ ಭಾರತದ ಶಿಕ್ಷಕರಿಂದಲೂ ಅರ್ಹತಾ ಮಾನ್ಯತೆಗೆ ಅರ್ಜಿ ಪಡೆಯುತ್ತಿದೆ. ಆದರೆ ಅಲ್ಲಿ ಗಣಿತ, ವಿಜ್ಞಾನ ಅಥವಾ ಭಾಷಾ ಶಿಕ್ಷಕರಾಗಿರಬೇಕು, ಕನಿಷ್ಠ ಒಂದು ಶಾಲಾ ವರ್ಷ ಪಾಠ ಮಾಡಿದ ಅನುಭವವೂ ಇರಬೇಕು. ಈಗಷ್ಟೇ ಬಿಎಡ್ ಮುಗಿಸಿದವರಿಗೆ ಆ ದಾರಿ ತಕ್ಷಣಕ್ಕೆ ಸಿಗುವುದಿಲ್ಲ.

ಯುಎಇಯಲ್ಲಿ ಸಿಬಿಎಸ್‌ಇ ಪಠ್ಯಕ್ರಮದ ಶಾಲೆಗಳು ಬಹಳ ಇವೆ. ನಾವು ಓದಿದ ಅದೇ ಪಾಠ, ಅದೇ ಪರೀಕ್ಷೆ, ನಮ್ಮಂತೆಯೇ ಏಪ್ರಿಲ್‌ನಲ್ಲಿ ಶುರುವಾಗುವ ಶಾಲಾ ವರ್ಷ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಅನೇಕ ಮನೆಗಳಲ್ಲಿ ದುಬೈ, ಶಾರ್ಜಾ ಎಂದರೆ ಪಕ್ಕದೂರಿನ ಹೆಸರಿನಂತೆ. ಮುಂಬೈ, ಪುಣೆ, ಹೈದರಾಬಾದ್‌ನ ಕನ್ನಡ ಕುಟುಂಬಗಳಲ್ಲೂ ಅಲ್ಲೊಬ್ಬ ಅಣ್ಣನೋ ಚಿಕ್ಕಮ್ಮನೋ ಇದ್ದೇ ಇರುತ್ತಾರೆ. ಪರಿಚಿತ ಊರು ಎಂಬ ಈ ಭಾವನೆಯೇ ಕೆಲವೊಮ್ಮೆ ಎಚ್ಚರ ತಪ್ಪಿಸುತ್ತದೆ.

ನಿಮ್ಮ ಪದವಿ ಅಲ್ಲಿ ನಡೆಯುತ್ತದೆಯೇ?

ಶಾಲೆ ನಿಮ್ಮನ್ನು ಆಯ್ಕೆ ಮಾಡಿದರೆ ಕೆಲಸ ಸಿಕ್ಕಿತು ಎಂದಲ್ಲ. ದುಬೈನಲ್ಲಿ ಖಾಸಗಿ ಶಾಲೆಗಳ ಶಿಕ್ಷಕರ ನೇಮಕಕ್ಕೆ ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರ ಒಪ್ಪಿಗೆ ಕೊಡಬೇಕು. ಅಬುಧಾಬಿಯಲ್ಲಿ ಆ ಕೆಲಸ ಅಡೆಕ್‌ನದು. ಶಾಲೆಯ ಮ್ಯಾನೇಜ್‌ಮೆಂಟ್ ಹೂಂ ಅಂದರೂ ಪ್ರಾಧಿಕಾರ ಊಹೂಂ ಅನ್ನಬಹುದು.

ಅವರು ಮುಖ್ಯವಾಗಿ ನೋಡುವುದು ಎರಡನ್ನು. ಪದವಿಯಲ್ಲಿ ನೀವು ಓದಿದ ವಿಷಯಕ್ಕೂ ಕಲಿಸಲು ಹೊರಟ ವಿಷಯಕ್ಕೂ ಹೊಂದಾಣಿಕೆ ಇದೆಯೇ? ಪದವಿ ರೆಗ್ಯುಲರ್ ಆಗಿ ಪಡೆದದ್ದೇ, ದೂರಶಿಕ್ಷಣದ್ದೇ? ಬಿಕಾಂ ಮಾಡಿ ಬಿಎಡ್ ಮುಗಿಸಿದವರನ್ನು ಇಲ್ಲಿನ ಶಾಲೆ ಗಣಿತಕ್ಕೆ ಹಾಕಿಕೊಂಡಿರಬಹುದು. ಅಲ್ಲಿ ಅದು ಪ್ರಶ್ನೆಯಾಗುತ್ತದೆ. ದೂರಶಿಕ್ಷಣದ ಪದವಿಯಾದರೆ ಅದನ್ನು ಮುಚ್ಚಿಡಬೇಡಿ. ಸಂದರ್ಶನದಲ್ಲೇ ಹೇಳಿ, ಒಪ್ಪಿಗೆ ಸಿಗುತ್ತದೆಯೇ ಎಂದು ಶಾಲೆಯ ಎಚ್‌ಆರ್ ವಿಭಾಗದಿಂದ ಲಿಖಿತ ಉತ್ತರ ಪಡೆಯಿರಿ.

ಅಂಕಪಟ್ಟಿಯ ಒಂದು ಪದ ಎಷ್ಟು ತೊಂದರೆ ಕೊಡಬಹುದು ಎಂಬುದಕ್ಕೆ ಉದಾಹರಣೆಯೊಂದಿದೆ. ನಮ್ಮ ವಿಶ್ವವಿದ್ಯಾಲಯಗಳ ಅಂಕಪಟ್ಟಿಯಲ್ಲಿ ‘ಇಂಟರ್ನಲ್’ ಮತ್ತು ‘ಎಕ್ಸ್‌ಟರ್ನಲ್’ ಎಂದು ಎರಡು ಬಗೆಯ ಅಂಕ ಇರುತ್ತದೆಯಲ್ಲ? ಎಕ್ಸ್‌ಟರ್ನಲ್ ಎಂದರೆ ಕಾಲೇಜಿಗೆ ಹೋಗದೆ ಹೊರಗಿನಿಂದ ಪರೀಕ್ಷೆ ಕಟ್ಟಿದವರು ಎಂದು ಅರ್ಥವಾಗಿ, ಕೆಲವು ವರ್ಷಗಳ ಹಿಂದೆ ಯುಎಇಯಲ್ಲಿ ಭಾರತೀಯ ಶಿಕ್ಷಕರ ಪದವಿ ಮಾನ್ಯತೆ ತಡೆಹಿಡಿಯಲ್ಪಟ್ಟಿತ್ತು. ಹಾಗಾಗಿ ಹೊರಡುವ ಮುನ್ನವೇ ನಿಮ್ಮ ವಿಶ್ವವಿದ್ಯಾಲಯದಿಂದ, ನೀವು ರೆಗ್ಯುಲರ್ ವಿದ್ಯಾರ್ಥಿಯಾಗಿ ತರಗತಿಗೆ ಹಾಜರಾಗಿ ಓದಿದ್ದೀರಿ, ಬೋಧನಾ ಮಾಧ್ಯಮ ಇಂಥದ್ದು ಎಂದು ಸೂಚಿಸುವ ಪತ್ರವೊಂದನ್ನು ಲೆಟರ್‌ಹೆಡ್‌ನಲ್ಲಿ ಪಡೆದಿಟ್ಟುಕೊಳ್ಳಿ. ಊರಲ್ಲಿದ್ದಾಗ ಒಂದು ದಿನದ ಓಡಾಟ. ದುಬೈನಿಂದ ಇದನ್ನು ತರಿಸಬೇಕೆಂದರೆ ಯಾರನ್ನೋ ಕಾಡಿಬೇಡಬೇಕು.

ಅಟೆಸ್ಟೇಷನ್: ಪದವಿ ಕೊಟ್ಟ ರಾಜ್ಯಕ್ಕೇ ಹೋಗಬೇಕು

ನಿಮ್ಮ ಪದವಿ ಅಸಲಿಯೇ ಎಂಬುದನ್ನು ಹಂತಹಂತವಾಗಿ ದೃಢೀಕರಿಸುವ ಕೆಲಸಕ್ಕೆ ಅಟೆಸ್ಟೇಷನ್ ಎನ್ನುತ್ತಾರೆ. ಮೊದಲು ರಾಜ್ಯ ಸರ್ಕಾರದ ಸಂಬಂಧಪಟ್ಟ ವಿಭಾಗ, ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯ, ನಂತರ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇಯ ವಿದೇಶಾಂಗ ಸಚಿವಾಲಯ. ಒಂದು ಮೆಟ್ಟಿಲು ಬಿಟ್ಟರೆ ಮುಂದಿನ ಮೆಟ್ಟಿಲಿನವರು ಕಾಗದ ಮುಟ್ಟುವುದಿಲ್ಲ.

ಇಲ್ಲಿ ಹೊರರಾಜ್ಯದ ಕನ್ನಡಿಗರು ಎಡವುವ ಜಾಗವೊಂದಿದೆ. ಮೊದಲ ಮೆಟ್ಟಿಲು ನೀವು ಈಗ ವಾಸವಿರುವ ರಾಜ್ಯದ್ದಲ್ಲ, ಪದವಿ ಕೊಟ್ಟ ರಾಜ್ಯದ್ದು. ನೀವು ಪುಣೆಯಲ್ಲಿ ಹತ್ತು ವರ್ಷದಿಂದ ಇರಬಹುದು. ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದಾದರೆ ರಾಜ್ಯ ಮಟ್ಟದ ದೃಢೀಕರಣ ಕರ್ನಾಟಕದಲ್ಲೇ ಆಗಬೇಕು. ಬಿಎ ಕಲಬುರಗಿಯಲ್ಲಿ, ಬಿಎಡ್ ಸೊಲ್ಲಾಪುರದಲ್ಲಿ ಮಾಡಿದವರಿಗೆ ಎರಡು ರಾಜ್ಯಗಳ ಓಡಾಟ. ಮದುವೆಯ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರಕ್ಕೂ ಇದೇ ಲೆಕ್ಕ: ಯಾವ ರಾಜ್ಯ ಕೊಟ್ಟಿತೋ ಅಲ್ಲಿಂದಲೇ ಆರಂಭ.

ವಿದೇಶಾಂಗ ಸಚಿವಾಲಯದ ಹಂತಕ್ಕೆ ದೆಹಲಿಗೇ ಹೋಗಬೇಕಿಲ್ಲ. 2019ರಿಂದ ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್ ಸೇರಿದಂತೆ ಹಲವು ನಗರಗಳಲ್ಲಿ ಈ ಸೇವೆ ಇದೆ. ಸಚಿವಾಲಯ ಗೊತ್ತುಮಾಡಿದ ಸಂಸ್ಥೆಗಳ ಮೂಲಕವೇ ಕಾಗದ ಸಲ್ಲಿಸಬೇಕು. ಮಧ್ಯವರ್ತಿಗಳು ‘ಪ್ಯಾಕೇಜ್’ ಎಂದು ದೊಡ್ಡ ಮೊತ್ತ ಕೇಳಿದರೆ, ಸರ್ಕಾರಿ ಶುಲ್ಕ ಎಷ್ಟು, ನಿಮ್ಮದು ಎಷ್ಟು ಎಂದು ಬಿಡಿಸಿ ಬರೆದುಕೊಡಲು ಹೇಳಿ.

‘ಅಪಾಸ್ಟಿಲ್ ಮಾಡಿಸಿದರೆ ಸಾಕು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಪಾಸ್ಟಿಲ್ ಎಂಬುದು ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಒಪ್ಪುವ ಮುದ್ರೆ. ಭಾರತ, ಒಮಾನ್, ಬಹ್ರೇನ್, ಸೌದಿ ಅರೇಬಿಯಾ ಆ ಒಪ್ಪಂದದಲ್ಲಿವೆ. ಯುಎಇಗೆ ಹೋಗುವವರ ಕಾಗದ ರಾಯಭಾರ ಕಚೇರಿಯ ಹಂತವನ್ನೂ ದಾಟಲೇಬೇಕು. ಯಾವ ದೇಶ ಎಂಬುದು ಖಚಿತವಾದ ಮೇಲೆಯೇ ಹಣ ಕಟ್ಟಿ.

ಹೆಸರು ಒಂದೇ ಇದೆಯೇ? ಈಗಲೇ ನೋಡಿ

ನಮ್ಮ ಕಡೆಯವರಿಗೆ ಅತಿಹೆಚ್ಚು ಕಾಟ ಕೊಡುವುದು ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಶೋಭಾ ಕೆ.ಆರ್.’, ಪದವಿಯಲ್ಲಿ ‘ಕೆ.ಆರ್. ಶೋಭಾ’, ಆಧಾರ್‌ನಲ್ಲಿ ‘ಶೋಭಾ ರಾಮಪ್ಪ’, ಮದುವೆಯಾದ ಮೇಲೆ ಮಾಡಿಸಿದ ಪಾಸ್‌ಪೋರ್ಟ್‌ನಲ್ಲಿ ಗಂಡನ ಮನೆತನದ ಹೆಸರು. ನಮಗೆ ಇವರೆಲ್ಲ ಒಬ್ಬರೇ ಎಂದು ನೋಡಿದರೆ ತಿಳಿಯುತ್ತದೆ. ದುಬೈನ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಇವರು ನಾಲ್ಕು ಜನ.

ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ, ಹಾಗಾಗಿ ವ್ಯತ್ಯಾಸ ಬಂದೇ ಬರುತ್ತದೆ. ಎಲ್ಲ ಕಾಗದಗಳನ್ನೂ ಒಂದು ದಿನ ಮೇಜಿನ ಮೇಲೆ ಹರಡಿ, ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಮೂರನ್ನೂ ಅಕ್ಷರ ಅಕ್ಷರ ತಾಳೆ ನೋಡಿ. ಸಣ್ಣ ವ್ಯತ್ಯಾಸವಿದ್ದರೆ ಯಾವ ಅಫಿಡವಿಟ್ ಒಪ್ಪುತ್ತಾರೆ ಎಂದು ಶಾಲೆಯನ್ನು ಕೇಳಿ. ಹುಟ್ಟಿದ ದಿನಾಂಕವೇ ಬೇರೆಯಿದ್ದರೆ ಅಫಿಡವಿಟ್ ನಂಬಿ ಕೂರಬೇಡಿ, ದಾಖಲೆಯನ್ನೇ ತಿದ್ದಿಸಿ.

ಮನೆಯವರ ಪಾಸ್‌ಪೋರ್ಟನ್ನೂ ಒಮ್ಮೆ ತೆಗೆದು ನೋಡಿ. ಒಂದೇ ಪದದ ಹೆಸರಿದ್ದು ಸರ್‌ನೇಮ್ ಜಾಗ ಖಾಲಿ ಇರುವ ಪಾಸ್‌ಪೋರ್ಟ್‌ಗೆ ಯುಎಇ 2022ರ ನವೆಂಬರ್‌ನಿಂದ ವಿಸಿಟ್ ವೀಸಾ ವಿಷಯದಲ್ಲಿ ನಿರ್ಬಂಧ ತಂದಿದೆ. ನೀವು ಕೆಲಸದ ವೀಸಾದಲ್ಲಿ ಹೋಗಿ ಸೇರಿದರೂ, ಮುಂದೆ ಅಪ್ಪ ಅಮ್ಮ ನಿಮ್ಮನ್ನು ನೋಡಲು ಬರುವಾಗ ಇದು ಅಡ್ಡ ಬರಬಹುದು.

ಹೆಣ್ಣು ಕೊಡುವ ಮುನ್ನ ಮನೆತನ ನೋಡುವ ಹಾಗೆ ಶಾಲೆ ನೋಡಿ

ಶಾಲೆ ನಿಮ್ಮ ದಾಖಲೆಗಳನ್ನೆಲ್ಲ ತಡಕುತ್ತದೆ. ನೀವೂ ಶಾಲೆಯ ದಾಖಲೆ ನೋಡಬಹುದು, ಅದೂ ಪುಕ್ಕಟೆಯಾಗಿ. ದುಬೈನ ಖಾಸಗಿ ಶಾಲೆಗಳ ಬಗ್ಗೆ ಕೆಎಚ್‌ಡಿಎ ತಪಾಸಣಾ ವರದಿಗಳನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕುತ್ತದೆ. ಅತ್ಯುತ್ತಮದಿಂದ ತೀರಾ ಕಳಪೆಯವರೆಗೆ ಆರು ದರ್ಜೆಗಳಿವೆ. ದರ್ಜೆಯನ್ನಷ್ಟೇ ನೋಡಿ ಮುಚ್ಚಬೇಡಿ. ಎಷ್ಟು ಶಿಕ್ಷಕರಿದ್ದಾರೆ, ವರ್ಷದಲ್ಲಿ ಎಷ್ಟು ಮಂದಿ ಬಿಟ್ಟುಹೋಗುತ್ತಾರೆ, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬ ವಿವರ ವರದಿಯಲ್ಲಿದ್ದರೆ ಅದನ್ನು ಓದಿ. ಪ್ರತಿವರ್ಷ ಅರ್ಧದಷ್ಟು ಶಿಕ್ಷಕರು ಖಾಲಿ ಮಾಡುವ ಶಾಲೆ ನಿಮ್ಮ ಬಳಿಗೆ ಬೇಗ ಬಂದದ್ದು ಯಾಕೆ ಎಂದು ಆಗ ತಿಳಿಯುತ್ತದೆ.

ಸಾಧ್ಯವಾದರೆ ಅಲ್ಲಿ ಈಗ ಕೆಲಸ ಮಾಡುತ್ತಿರುವ ಒಬ್ಬರೊಂದಿಗೆ ಮಾತಾಡಿ. ಕೇಳಬೇಕಾದ್ದು ಎರಡೇ ಪ್ರಶ್ನೆ: ಸಂಬಳ ತಾರೀಖಿಗೆ ಸರಿಯಾಗಿ ಬರುತ್ತದೆಯೇ? ಜುಲೈ, ಆಗಸ್ಟ್ ರಜೆಯ ಸಂಬಳ ಮೊದಲ ವರ್ಷದವರಿಗೂ ಕೊಡುತ್ತಾರೆಯೇ?

ಆಫರ್ ಲೆಟರ್: ಒಟ್ಟು ಮೊತ್ತ ಕಣ್ಣಿಗೆ, ಮೂಲ ವೇತನ ಹೊಟ್ಟೆಗೆ

ಶಾಲೆ ಕಳಿಸುವ ಇಮೇಲ್ ಒಂದು, ಯುಎಇ ಕಾರ್ಮಿಕ ಸಚಿವಾಲಯದ ಅಧಿಕೃತ ಆಫರ್ ಲೆಟರ್ ಇನ್ನೊಂದು. ನೀವು ಸಹಿ ಹಾಕಬೇಕಾದ್ದು ಎರಡನೆಯದಕ್ಕೆ. ಮುಂದೆ ಮಾಡಿಕೊಳ್ಳುವ ಒಪ್ಪಂದ ಅದರಲ್ಲಿರುವಂತೆಯೇ ಇರಬೇಕು. ಅದರ ಮೇಲಿರುವ ಸಂಖ್ಯೆಯನ್ನು ಸಚಿವಾಲಯದ ವೆಬ್‌ಸೈಟ್‌ನಲ್ಲಿ ಹಾಕಿ ಅಸಲಿಯೇ ಎಂದು ನೋಡಬಹುದು. ಅರಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರರಿಗೆ ಅರ್ಥವಾಗುವ ಮೂರನೇ ಭಾಷೆಯೂ ಆ ಪತ್ರದಲ್ಲಿ ಇರಬಹುದು. ಹಿಂದಿ, ಮಲಯಾಳಂ, ತಮಿಳು ಆ ಪಟ್ಟಿಯಲ್ಲಿವೆ, ಕನ್ನಡ ಇಲ್ಲ. ಇಂಗ್ಲಿಷ್ ಭಾಗವನ್ನು ಸಾಲು ಸಾಲಾಗಿ ಓದಲೇಬೇಕು.

ಓದುವಾಗ ಒಟ್ಟು ಸಂಬಳಕ್ಕಿಂತ ಮೂಲ ವೇತನ ಎಷ್ಟು ಎಂದು ನೋಡಿ. ಗ್ರಾಚ್ಯುಟಿ ಲೆಕ್ಕ ಆಗುವುದು ಅದರ ಮೇಲೆಯೇ. ಒಂದು ವರ್ಷ ಪೂರೈಸಿದವರಿಗೆ, ಮೊದಲ ಐದು ವರ್ಷಗಳಲ್ಲಿ ಪ್ರತಿ ವರ್ಷಕ್ಕೆ 21 ದಿನದ ಮೂಲ ವೇತನವನ್ನು ಕೆಲಸ ಬಿಡುವಾಗ ಕೊಡಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ.

ಉದಾಹರಣೆಗೆ ಇಬ್ಬರಿಗೂ ಒಟ್ಟು 5,000 ದಿರ್ಹಂ ಎಂದಿಟ್ಟುಕೊಳ್ಳಿ. ಒಬ್ಬರಿಗೆ ಮೂಲ ವೇತನ 2,000, ಉಳಿದದ್ದು ಭತ್ಯೆ. ಇನ್ನೊಬ್ಬರಿಗೆ ಮೂಲ ವೇತನ 3,500. ಎರಡು ವರ್ಷದ ನಂತರ ಮೊದಲನೆಯವರಿಗೆ ಸಿಗುವ ಗ್ರಾಚ್ಯುಟಿ 2,800 ದಿರ್ಹಂ, ಎರಡನೆಯವರಿಗೆ 4,900. ತಿಂಗಳ ಸಂಬಳ ಒಂದೇ, ಕೊನೆಯಲ್ಲಿ ಕೈಗೆ ಬರುವುದು ಬೇರೆ. ತೆಗೆದುಕೊಳ್ಳದೆ ಉಳಿದ ರಜೆಗೆ ಸಿಗುವ ಹಣವೂ ಮೂಲ ವೇತನದ ಮೇಲೆಯೇ.

ಸಹಿ ಹಾಕುವ ಮುನ್ನ ಇವನ್ನೂ ಖಚಿತಪಡಿಸಿಕೊಳ್ಳಿ:

- ಮನೆ ಶಾಲೆಯದೇ, ಭತ್ಯೆಯೇ? ಶಾಲೆಯದಾದರೆ ಒಂದು ಕೋಣೆಯಲ್ಲಿ ಎಷ್ಟು ಜನ?
- ಪ್ರೊಬೇಷನ್ ಎಷ್ಟು ತಿಂಗಳು? ಕಾನೂನಿನ ಪ್ರಕಾರ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ.
- ನೋಟಿಸ್ ಅವಧಿ ಎಷ್ಟು? ಪ್ರೊಬೇಷನ್ ಮುಗಿದ ಮೇಲೆ 30ರಿಂದ 90 ದಿನದವರೆಗೆ ಇರಬಹುದು. ಪ್ರೊಬೇಷನ್‌ನಲ್ಲಿ ಶಾಲೆಯೇ ತೆಗೆಯುವುದಾದರೆ 14 ದಿನ ಮುಂಚೆ ಲಿಖಿತವಾಗಿ ತಿಳಿಸಬೇಕು.
- ಆರೋಗ್ಯ ವಿಮೆ ನಿಮಗಷ್ಟೇ ಇದೆಯೇ, ಮನೆಯವರಿಗೂ ಇದೆಯೇ?
- ನಿಮ್ಮ ಮಕ್ಕಳಿಗೆ ಅದೇ ಶಾಲೆಯಲ್ಲಿ ಫೀಸ್ ರಿಯಾಯಿತಿ ಉಂಟೇ?
- ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ ಯಾರದು?

ಸಂದರ್ಶನದಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಕಾಗದದಲ್ಲಿ ಇಲ್ಲದಿದ್ದರೆ ಅದು ಇಲ್ಲವೆಂದೇ ಲೆಕ್ಕ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ.

ವೀಸಾ ಖರ್ಚು ನಿಮ್ಮದಲ್ಲ

ಯುಎಇಯ ಈಗಿನ ಕಾರ್ಮಿಕ ಕಾನೂನು 2021ರದು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ನೇಮಕಾತಿಯ ಖರ್ಚನ್ನು ಕೆಲಸಗಾರರಿಂದ ನೇರವಾಗಿ ಆಗಲಿ, ಸುತ್ತಿಬಳಸಿ ಆಗಲಿ ವಸೂಲಿ ಮಾಡುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿದೆ. ‘ವೀಸಾ ಫೀಸ್ ಈಗ ನೀವು ಕಟ್ಟಿ, ಆಮೇಲೆ ಸಂಬಳದಲ್ಲಿ ಸೇರಿಸುತ್ತೇವೆ’ ಎಂಬ ಮಾತು ಕೇಳಿಬಂದರೆ ಅಲ್ಲಿಗೇ ನಿಲ್ಲಿಸಿ.

ಏಜೆನ್ಸಿ ಮೂಲಕ ಹೋಗುವುದಾದರೆ ಅದು ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ಹುಡುಕಿ ನೋಡಿ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ವಿದೇಶಕ್ಕೆ ಜನರನ್ನು ನೇಮಿಸುವುದು ಅಪರಾಧ. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಒಂದೂವರೆ ಲಕ್ಷ, ಎರಡು ಲಕ್ಷ ಕೇಳುವವರ ಬಳಿ ರಸೀದಿ ಕೊಡಿ ಎನ್ನಿ. ಮಾತಿನ ಧಾಟಿಯೇ ಬದಲಾಗುತ್ತದೆ. ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ವಲಸಿಗರ ರಕ್ಷಣಾಧಿಕಾರಿ ಕಚೇರಿಗಳಿದ್ದು, ಅನುಮಾನ ಬಂದರೆ ಅಲ್ಲಿ ವಿಚಾರಿಸಬಹುದು.

ಇನ್ನು ವಿಸಿಟ್ ವೀಸಾ. ‘ಮೊದಲು ವಿಸಿಟ್‌ನಲ್ಲಿ ಬಂದು ಪಾಠ ಶುರುಮಾಡಿ, ವೀಸಾ ಆಮೇಲೆ ಬದಲಿಸೋಣ’ ಎಂದು ಕರೆಯುವವರಿದ್ದಾರೆ. ಕೆಲಸ ಹುಡುಕಿ ಸಂದರ್ಶನ ಕೊಡಲು ಹೋಗುವುದು ಬೇರೆ, ಪರ್ಮಿಟ್ ಇಲ್ಲದೆ ತರಗತಿಗೆ ಕಾಲಿಡುವುದು ಬೇರೆ. ಎರಡನೆಯದು ಕಾನೂನುಬಾಹಿರ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಂಡ ಸಂಸ್ಥೆಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ಎಂದು 2024ರಲ್ಲಿ ತಿದ್ದುಪಡಿಯೇ ಬಂದಿದೆ. ದಂಡ ಸಂಸ್ಥೆಗೆ ಬಿದ್ದರೂ, ಕೈಯಲ್ಲಿ ಒಪ್ಪಂದವಿಲ್ಲದ ನೀವು ಮಾಡಿದ ಕೆಲಸದ ಸಂಬಳ ಕೇಳುವುದು ಕಷ್ಟ.

ಎರಡು ತಿಂಗಳ ಖರ್ಚು ಕೈಯಲ್ಲಿರಲಿ

ಎಂಟ್ರಿ ಪರ್ಮಿಟ್‌ನಲ್ಲಿ ಹೋದ ಮೇಲೆ ವೈದ್ಯಕೀಯ ಪರೀಕ್ಷೆ, ಎಮಿರೇಟ್ಸ್ ಐಡಿ, ಆಮೇಲೆ ಬ್ಯಾಂಕ್ ಖಾತೆ. ಮೊದಲ ಸಂಬಳ ಕೈಗೆ ಬರುವಷ್ಟರಲ್ಲಿ ಒಂದೂವರೆ ತಿಂಗಳು ಕಳೆದರೂ ಆಶ್ಚರ್ಯವಿಲ್ಲ. ವೈದ್ಯಕೀಯ ಪರೀಕ್ಷೆಯಲ್ಲಿ ರಕ್ತ ಮತ್ತು ಎದೆಯ ಎಕ್ಸ್-ರೇ ನೋಡುತ್ತಾರೆ. ಹಿಂದೆ ಕ್ಷಯ ಬಂದು ಗುಣವಾಗಿದ್ದರೂ ಶ್ವಾಸಕೋಶದಲ್ಲಿ ಉಳಿದ ಗುರುತು ತೊಡಕು ತರಬಹುದು. ರಾಜೀನಾಮೆ ಕೊಡುವ ಮುನ್ನ ಇಲ್ಲೇ ಒಂದು ಎಕ್ಸ್-ರೇ ತೆಗೆಸಿ ವೈದ್ಯರಿಗೆ ತೋರಿಸುವುದು ಜಾಣತನ.

ಮನೆ ಭತ್ಯೆ ಮಾತ್ರ ಕೊಡುವ ಶಾಲೆಯಾದರೆ ಇನ್ನೂ ಹೆಚ್ಚು ಎಚ್ಚರ ಬೇಕು. ನಮ್ಮಲ್ಲಿಯ ಹಾಗೆ ತಿಂಗಳ ಬಾಡಿಗೆ ಕೊಟ್ಟು ಇರುವ ಪದ್ಧತಿ ಅಲ್ಲಿ ಕಡಿಮೆ. ವರ್ಷದ ಬಾಡಿಗೆಯನ್ನು ಕೆಲವೇ ಚೆಕ್‌ಗಳಲ್ಲಿ ಮುಂದಿನ ದಿನಾಂಕ ಹಾಕಿ ಕೊಡಬೇಕು. ಜೊತೆಗೆ ಠೇವಣಿ, ದಲ್ಲಾಳಿ ಕಮಿಷನ್. ಹಾಗಾಗಿ ಹೊಸಬರು ಮೊದಲ ಕೆಲವು ತಿಂಗಳು ಹಂಚಿಕೆಯ ಕೋಣೆಯಲ್ಲಿ ಇರುವುದೇ ಹೆಚ್ಚು. ಸಾಲ ಮಾಡಿ ಹೋಗುವವರು ಮೊದಲ ಮೂರು ತಿಂಗಳು ಊರಿಗೆ ಹಣ ಕಳಿಸಲು ಆಗುವುದಿಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿಬಿಡಿ. ಮುಜುಗರವೆನಿಸಿದರೂ ಆ ಮಾತನ್ನು ಈಗಲೇ ಆಡಿ ಮುಗಿಸಿ.

ಕೆಲಸ ಹೋದರೆ ಸ್ವಲ್ಪ ಕಾಲ ನೆರವಾಗುವ ನಿರುದ್ಯೋಗ ವಿಮೆ 2023ರ ಜನವರಿಯಿಂದ ಅಲ್ಲಿ ಕಡ್ಡಾಯ. ಮೂಲ ವೇತನ 16,000 ದಿರ್ಹಂವರೆಗೆ ಇರುವವರು ತಿಂಗಳಿಗೆ 5 ದಿರ್ಹಂ ಕಟ್ಟಬೇಕು. ಸಣ್ಣ ಮೊತ್ತ ಎಂದು ಮರೆತರೆ ದಂಡ ಬೀಳುತ್ತದೆ.

ಹೊರಡುವ ತಾರೀಖು ತೆರಿಗೆಗೂ ಮುಖ್ಯ

ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಭಾರತದಲ್ಲಿ ಬೀಳಬಹುದು ಎಂಬುದು ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ. ಕೆಲಸಕ್ಕಾಗಿ ವಿದೇಶಕ್ಕೆ ಹೋಗುವ ಭಾರತೀಯ ಪ್ರಜೆ, ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ ಇದ್ದದ್ದು 182 ದಿನಕ್ಕಿಂತ ಕಡಿಮೆಯಾದರೆ ಅನಿವಾಸಿ ಎನಿಸುತ್ತಾರೆ. ಏಪ್ರಿಲ್‌ನಲ್ಲಿ ಹೊರಟವರಿಗೆ ಚಿಂತೆ ಇಲ್ಲ. ಡಿಸೆಂಬರ್‌ನಲ್ಲಿ ಹೊರಟವರು ಆ ವರ್ಷ ನಿವಾಸಿಯಾಗಿಯೇ ಉಳಿಯುವುದರಿಂದ, ಮಾರ್ಚ್‌ವರೆಗಿನ ದುಬೈ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಸೇರುತ್ತದೆ.

ಹೋದ ಮೇಲೆ ನಿಮ್ಮ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಆಗಿ ಬದಲಿಸಬೇಕು, ಅಲ್ಲಿಂದ ಹಣ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಬೇಕು. ಬ್ಯಾಂಕಿನಲ್ಲಿ ಫಾರಂಗಳನ್ನು ಈಗಲೇ ಕೇಳಿಟ್ಟುಕೊಳ್ಳಿ. ಬ್ಯಾಂಕ್ ಮತ್ತು ಆಧಾರ್‌ಗೆ ಜೋಡಿಸಿದ ಭಾರತದ ಸಿಮ್ ಚಾಲ್ತಿಯಲ್ಲಿರಲಿ, ರೋಮಿಂಗ್ ಹಾಕಿಸಿ. ಓಟಿಪಿ ಬಾರದೆ ಅಪ್ಪನ ಆಸ್ಪತ್ರೆ ಬಿಲ್ ಕಟ್ಟಲಾಗದೆ ಒದ್ದಾಡುವ ಪರಿಸ್ಥಿತಿ ಬೇಡ.

ಅಮ್ಮ ಕಟ್ಟಿಕೊಡುವ ಗಂಟಿನಲ್ಲಿ ಗಸಗಸೆ ಬೇಡ

ತಮಾಷೆ ಅಲ್ಲ. ನಮ್ಮ ಪಾಯಸಕ್ಕೆ, ಸಾಗಿಗೆ ಹಾಕುವ ಗಸಗಸೆ ಯುಎಇಯಲ್ಲಿ ನಿಷೇಧಿತ ವಸ್ತು. ಅಫೀಮು ಗಿಡದ ಬೀಜ ಎಂಬುದು ಅದಕ್ಕೆ ಕಾರಣ. ಮನೆಯಲ್ಲಿ ಕುಟ್ಟಿದ ಮಸಾಲೆಪುಡಿಯಲ್ಲಿ ಅದು ಸೇರಿದೆಯೇ ಎಂದು ಅಮ್ಮನನ್ನು ಕೇಳಿ. ವೀಳ್ಯದೆಲೆಯೂ ಒಯ್ಯುವಂತಿಲ್ಲ. ಇಡೀ ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಇರುವುದರಿಂದ ವಿಮಾನಯಾನ ನಿಯಮಗಳು ಅದನ್ನು ಬೆಂಕಿ ಹೊತ್ತಿಕೊಳ್ಳಬಹುದಾದ ವಸ್ತುವಾಗಿ ನೋಡುತ್ತವೆ.

ಔಷಧಿಯ ವಿಷಯ ಇನ್ನೂ ಗಂಭೀರ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳು ಅಲ್ಲಿ ಬಿಗಿ ನಿಯಂತ್ರಣದಲ್ಲಿವೆ. ನಿತ್ಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರ ಚೀಟಿ ಇಟ್ಟುಕೊಳ್ಳಿ, ನಿಯಂತ್ರಿತ ಔಷಧಿಯಾದರೆ ಯುಎಇಯ ಸಂಬಂಧಪಟ್ಟ ಸರ್ಕಾರಿ ಪ್ರಾಧಿಕಾರದಿಂದ ಮೊದಲೇ ಅನುಮತಿ ಪಡೆಯಿರಿ.

ತರಗತಿಯಲ್ಲಿ ಬಿಡಬೇಕಾದ ಮೂರು ಅಭ್ಯಾಸ

ಪಠ್ಯ ನಮ್ಮದೇ ಆದರೂ ಕಾನೂನು ಅಲ್ಲಿಯದು. ಒಂದು, ಮಗುವಿನ ಮೈಮುಟ್ಟಿ ಶಿಕ್ಷಿಸುವ ಮಾತೇ ಇಲ್ಲ. ಕಿವಿ ಹಿಂಡುವುದು, ಸ್ಕೇಲಿನಿಂದ ತಟ್ಟುವುದು ಇಲ್ಲಿಯೂ ತಪ್ಪೇ. ಅಲ್ಲಿ 2016ರ ಮಕ್ಕಳ ಹಕ್ಕುಗಳ ಕಾನೂನಿನಡಿ ಕೆಲಸವೂ ಹೋಗಿ ಕೇಸೂ ಆಗಬಹುದು.

ಎರಡು, ಮಕ್ಕಳ ಫೋಟೋ. ಶಿಕ್ಷಕರ ದಿನಾಚರಣೆಯ ಚಿತ್ರವನ್ನು ಖುಷಿಯಿಂದ ಸ್ಟೇಟಸ್‌ಗೆ ಹಾಕುವ ರೂಢಿ ನಮ್ಮಲ್ಲಿದೆ. ಅನುಮತಿಯಿಲ್ಲದೆ ಇನ್ನೊಬ್ಬರ ಚಿತ್ರ ಹಂಚುವುದು ಅಲ್ಲಿ ಅಪರಾಧ.

ಮೂರು, ಮನೆಪಾಠ. ಸಂಬಳ ಸಾಲದಿದ್ದರೆ ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿದರಾಯಿತು ಎಂಬ ಲೆಕ್ಕಾಚಾರ ಇಟ್ಟುಕೊಂಡು ಹೋಗಬೇಡಿ. ಖಾಸಗಿ ಪಾಠ ಹೇಳಲು ಪರ್ಮಿಟ್ ಬೇಕು. 2023ರ ಡಿಸೆಂಬರ್‌ನಲ್ಲಿ ಇದಕ್ಕೆ ಪ್ರತ್ಯೇಕ ಪರ್ಮಿಟ್ ವ್ಯವಸ್ಥೆ ಬಂದಿದ್ದು, ಎರಡು ವರ್ಷದ ಈ ಪರ್ಮಿಟ್ ಉಚಿತ. ಕಾನೂನಿನ ದಾರಿಯೇ ಇರುವಾಗ ಕದ್ದು ಕಲಿಸುವುದು ಯಾಕೆ?

ತೊಂದರೆಯಾದರೆ ಯಾರನ್ನು ಕೇಳುವುದು?

ನಿಮ್ಮ ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ. ಶಾಲೆ ಅದನ್ನು ತನ್ನ ಬೀರುವಿನಲ್ಲಿ ಇಟ್ಟುಕೊಳ್ಳುವುದಕ್ಕೆ ಯುಎಇ ಕಾನೂನೂ ಒಪ್ಪುವುದಿಲ್ಲ. ಸಂಬಳ ತಡವಾದರೆ, ಒಪ್ಪಂದ ಮೀರಿದರೆ ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. 50,000 ದಿರ್ಹಂವರೆಗಿನ ವ್ಯಾಜ್ಯವನ್ನು ಸಚಿವಾಲಯವೇ ತೀರ್ಮಾನಿಸುವ ವ್ಯವಸ್ಥೆ 2024ರಿಂದ ಇದೆ.

ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ದುಬೈನಲ್ಲಿದೆ, ಉಚಿತ ಸಂಖ್ಯೆ 800 46342. ಹೊರಡುವ ಮುನ್ನ ಅನುಮಾನವಿದ್ದರೆ ಭಾರತದೊಳಗಿನಿಂದ 1800 11 3090ಕ್ಕೆ ಕರೆ ಮಾಡಬಹುದು. ಇವೆರಡನ್ನೂ ಫೋನಿನಲ್ಲಷ್ಟೇ ಅಲ್ಲ, ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದಿಡಿ.

ಒಂಟಿತನಕ್ಕೆ ಹೆಲ್ಪ್‌ಲೈನ್ ಇಲ್ಲ. ಆದರೆ ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ಕನ್ನಡ ಸಂಘಗಳಿವೆ, ಅಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಅಕ್ಷರ ಕಲಿಸುವ ‘ಕನ್ನಡ ಪಾಠಶಾಲೆ ದುಬೈ’ ಇದೆ. ಮೊದಲ ತಿಂಗಳ ಆ ಖಾಲಿ ವಾರಾಂತ್ಯಗಳಲ್ಲಿ ಇಂಥ ಒಂದು ಪರಿಚಯ ದೊಡ್ಡ ಆಸರೆ.

ಯಾವಾಗ ಯಾವ ಕೆಲಸ?

ಏಪ್ರಿಲ್‌ನಲ್ಲಿ ಸೇರುವ ಆಲೋಚನೆ ಇದ್ದರೆ ಹಿಂದಿನ ಅಕ್ಟೋಬರ್‌ನಲ್ಲೇ ಹೆಸರು ತಾಳೆ ನೋಡಿ, ಪಾಸ್‌ಪೋರ್ಟ್ ಸರಿಪಡಿಸಿ, ವಿಶ್ವವಿದ್ಯಾಲಯದ ಪತ್ರ ತನ್ನಿ. ನವೆಂಬರ್, ಡಿಸೆಂಬರ್‌ನಲ್ಲಿ ಅಟೆಸ್ಟೇಷನ್ ಶುರುಮಾಡಿ, ಅರ್ಜಿ ಹಾಕಿ. ಜನವರಿ, ಫೆಬ್ರವರಿಯಲ್ಲಿ ಸಂದರ್ಶನ, ಶಾಲೆಯ ವಿಚಾರಣೆ, ಆಫರ್ ಲೆಟರ್. ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಶಾಲೆ ಕೇಳಿದಾಗ ಮಾಡಿಸಿ, ಬಹಳ ಮುಂಚೆ ಮಾಡಿಸಿದರೆ ಹಳೆಯದಾಯಿತು ಎನ್ನುತ್ತಾರೆ. ಎಂಟ್ರಿ ಪರ್ಮಿಟ್ ಬಂದ ಮೇಲೆ ರಾಜೀನಾಮೆ, ಆಮೇಲೆ ಟಿಕೆಟ್. ಈಗಿನ ಶಾಲೆಯ ನೋಟಿಸ್ ಅವಧಿ ಎಷ್ಟು ಎಂದು ಮೊದಲೇ ನೋಡಿಕೊಂಡು, ಸೇರುವ ದಿನಾಂಕವನ್ನು ಅದಕ್ಕೆ ಹೊಂದಿಸಿ ಹೇಳಿ.

‘ತಡಮಾಡಿದರೆ ಬೇರೆಯವರಿಗೆ ಕೊಟ್ಟುಬಿಡುತ್ತೇವೆ’ ಎಂದು ಅವಸರಪಡಿಸಿದರೆ ಏನು ಮಾಡುವುದು? ಕೊಟ್ಟುಬಿಡಲಿ. ಅಧಿಕೃತ ಪತ್ರ ಓದಲು ಎರಡು ದಿನ ಕೊಡದ ಶಾಲೆ, ಮುಂದೆ ಸಂಬಳ ಕೇಳಿದಾಗ ಹೇಗೆ ನಡೆದುಕೊಳ್ಳುತ್ತದೆ ಎಂದು ಊಹಿಸಬಹುದು. ಪಾಠ ಮಾಡಲು ಬರುವವರಿಗೆ ಇನ್ನೊಂದು ಶಾಲೆ ಸಿಗುತ್ತದೆ.